ಓದುಗರ ಗ್ಯಾರೇಜು: ಪಿಕಪ್ ಚಾಸಿ ಮೇಲೆ ಹಳೇ ಕಾರು ಕೂರುತ್ತದೆಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ 1951ರ ಷೆವರ್ಲೆ ಕಾರಿದೆ. ಬಾಡಿಯನ್ನು ಹೊರುವ ಉಕ್ಕಿನ ಅಡಿಚೌಕಟ್ಟು, ಅಂದರೆ ಚಾಸಿಯ ಹಿಂಭಾಗ ತುಕ್ಕು ಹಿಡಿದು, ಸುತ್ತಿಗೆ ತಾಗಿಸಿದರೆ ಹಪ್ಪಳದ ಹಾಗೆ ಉದುರುತ್ತದೆ. ಅದೇ ಕಾಲದ ಷೆವರ್ಲೆ 3100 ಪಿಕಪ್ಪಿನ ಗಟ್ಟಿ ಚಾಸಿಯೊಂದು ಗುಜರಿಯಲ್ಲಿ ಸಿಕ್ಕಿದೆ. ಕಾರಿನ ವೀಲ್‌ಬೇಸ್ (ಮುಂದಿನ-ಹಿಂದಿನ ಆಕ್ಸಲ್‌ಗಳ ನಡುವಿನ ಅಂತರ) 115 ಇಂಚು, ಪಿಕಪ್ಪಿನದು 116. ಒಂದೇ ಇಂಚು ತಾನೇ, ಬಾಡಿ ಎತ್ತಿ ಕೂರಿಸಬಹುದೇ?
– ಬಸವನಗುಡಿಯ ಓದುಗರು

ಉತ್ತರ: ಬೇಡ. ಆ ಒಂದು ಇಂಚಿನದೇನೂ ತಕರಾರಿಲ್ಲ. ಎರಡೂ ಚಾಸಿಗಳನ್ನು ಪಕ್ಕದಿಂದ ಬಗ್ಗಿ ನೋಡಿ. ಕಾರಿನ ಉದ್ದ ಕಂಬಿ ಹಿಂದಿನ ಆಕ್ಸಲ್ ಮೇಲೆ ಗೂನುಬೆನ್ನಿನಂತೆ ಎದ್ದು ಇಳಿಯುತ್ತದೆ. ನೆಲ ತಗ್ಗಿನಲ್ಲಿರುವುದೇ ಅದರಿಂದ. ಪಿಕಪ್ಪಿನ ಕಂಬಿ ಹೆಚ್ಚುಕಡಿಮೆ ನೇರ. ಅದರ ಮೇಲಿಟ್ಟರೆ ಬಾಡಿ ಎತ್ತರಕ್ಕೆ ಹೋಗುತ್ತದೆ, ಇಲ್ಲವೇ ಸೀಟಿನಡಿಯ ತಗಡಿಗೆ ಕತ್ತರಿ ಹಾಕಬೇಕು.

ದೊಡ್ಡ ತೊಂದರೆ ತಿರುಚಿನದು. ಪಿಕಪ್ಪಿನ ಕಂಬಿ ಒಂದು ಬದಿ ತೆರೆದ ಸಿ ಚಾನೆಲ್, ಅಡ್ಡಪಟ್ಟಿಗಳಿಗೆ ರಿವೆಟ್ ಹೊಡೆದಿರುತ್ತಾರೆ. ಹಳ್ಳ ದಿಣ್ಣೆಯಲ್ಲಿ ಅದು ಸ್ವಲ್ಪ ತಿರುಚಲೇಬೇಕು. ಕ್ಯಾಬಿನ್ನೂ ಹಿಂದಿನ ತೊಟ್ಟಿಯೂ ಬೇರೆಬೇರೆಯಾಗಿರುವುದರಿಂದ ಆ ತಿರುಚು ನಡುವಿನ ಸಂದಿಯಲ್ಲೇ ಕಳೆದುಹೋಗುತ್ತದೆ. ಕಾರಿನ ಬಾಡಿಗೆ ಅಂಥ ಸಂದಿಯಿಲ್ಲ. ಬಾಗಿಲು ಚೌಕಟ್ಟು ಉಜ್ಜುತ್ತದೆ, ಗಾಜು ಬಿರಿಯುತ್ತದೆ. ಬೇಕಾದರೆ ಪರೀಕ್ಷಿಸಿ: ಚಾಸಿಯ ಮುಂದಿನ ಒಂದೇ ಮೂಲೆಗೆ ಜಾಕ್ ಕೊಟ್ಟು ಎತ್ತಿ, ಮುಂದಿನ ಇನ್ನೊಂದು ಮೂಲೆ ಎಷ್ಟು ತಡವಾಗಿ ಏಳುತ್ತದೆಂದು ನೋಡಿ.

ಮುಂದಿನ ಸಸ್ಪೆನ್ಷನ್ ಕೂಡ ಬೇರೆ. ಕಾರಿನಲ್ಲಿ ಎರಡೂ ಚಕ್ರಕ್ಕೆ ಪ್ರತ್ಯೇಕ ಕಾಯಿಲ್ ಸ್ಪ್ರಿಂಗ್. ಪಿಕಪ್ಪಿನಲ್ಲಿ ಇಡೀ ಆಕ್ಸಲ್ಲು, ಲೀಫ್ ಪಟ್ಟಾ. ಚಕ್ರದ ಬೋಲ್ಟು ಕಾರಿನಲ್ಲಿ ಐದು, ಪಿಕಪ್ಪಿನಲ್ಲಿ ಆರು. ಇಂಜಿನ್ ಮಾತ್ರ ಎರಡರಲ್ಲೂ 216 ಘನ ಇಂಚಿನ ಅದೇ ಆರು ಸಿಲಿಂಡರಿನದು. ಜನ ಮೋಸ ಹೋಗುವುದು ಅಲ್ಲೇ.

ಇನ್ನು ಆರ್‌ಟಿಓ. 50 ವರ್ಷ ದಾಟಿದ ಗಾಡಿಗೆ 2021ರ ವಿಂಟೇಜ್ ನಿಯಮದಡಿ ‘ವಿಎ’ ಸಾಲಿನ ನಂಬರ್ ಸಿಗಬೇಕಾದರೆ ಚಾಸಿ, ಬಾಡಿ, ಇಂಜಿನ್ ಮೂಲ ರೂಪದಲ್ಲೇ ಇರಬೇಕು. ಬೇರೆ ಚಾಸಿ ಹಾಕಿದರೆ ಆ ದಾರಿ ಮುಚ್ಚಿದಂತೆ.

ತುಕ್ಕು ತಿಂದಷ್ಟನ್ನೇ ಕತ್ತರಿಸಿ, ಅದೇ ದಪ್ಪದ ಉಕ್ಕಿನಲ್ಲಿ ಆ ತುಂಡನ್ನು ಮಾಡಿಸಿ. ಕತ್ತರಿಸುವ ಮುನ್ನ ಬಾಗಿಲ ಚೌಕಟ್ಟಿಗೆ ಒಳಗಿಂದ ಅಡ್ಡ ಪೈಪು ಕೊಡಿಸಿ. ಚಾಸಿಯ ನಾಲ್ಕು ಗುರುತಿನಿಂದ ತೂಕದ ಗುಂಡು ಇಳಿಬಿಟ್ಟು ನೆಲದ ಮೇಲೆ ಚುಕ್ಕಿ ಇಡಿ. ಎರಡು ಕರ್ಣಗಳ ಅಳತೆಯಲ್ಲಿ 3–4 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚಾಸಿ ಮೊದಲೇ ಸೊಟ್ಟಗಿದೆ. ನೇರ ಮಾಡಿಸದೆ ವೆಲ್ಡಿಂಗ್ ಬೇಡ.

ಪ್ರಶ್ನೆ: ಹಳೇ ಜೀಪ್ ಪಿಕಪ್ಪಿನ ಚಾಸಿ ಬಿರುಕಿಗೆ ಪ್ಯಾಚ್ ಹಾಕಿಸಿದೆ. ಆರೇ ತಿಂಗಳಿಗೆ ಪ್ಯಾಚಿನ ಅಂಚಿನಲ್ಲೇ ಮತ್ತೆ ಬಿಟ್ಟಿದೆ. ಯಾಕೆ?
– ಯಶವಂತಪುರದ ಓದುಗರು

ಉತ್ತರ: ಪ್ಯಾಚನ್ನು ಚೌಕವಾಗಿ ಕತ್ತರಿಸಿ, ಚಾನೆಲ್ಲಿನ ಮೇಲಿನ-ಕೆಳಗಿನ ಮಡಿಕೆಗೆ ಅಡ್ಡಲಾಗಿ ವೆಲ್ಡ್ ಮಾಡಿರಬೇಕು. ಭಾರದ ಎಳೆತ ಹೆಚ್ಚು ಬೀಳುವುದು ಆ ಮಡಿಕೆಗಳ ಮೇಲೇ. ಬಿರುಕಿನ ತುದಿಯಲ್ಲಿ ತೂತು ಕೊರೆದು, ಬಿರುಕನ್ನು ‘ವಿ’ ಆಕಾರಕ್ಕೆ ಉಜ್ಜಿ ತುಂಬಿಸಿ. ಪ್ಯಾಚಿನ ಎರಡೂ ತುದಿ ವಜ್ರದಂತೆ ಚೂಪಾಗಿರಲಿ. ಬೋಲ್ಟ್ ಹಾಕುವುದಿದ್ದರೆ ತೂತು ನಡುವಿನ ನೇರ ಪಟ್ಟಿಯಲ್ಲಿರಲಿ, ಮಡಿಕೆಯಲ್ಲಿ ಬೇಡ.