ಚೆಲುವು, ಚಾಟ್ ಮತ್ತು ಜಾಹೀರಾತು

ಪ್ರಶ್ನೆ: ನೇರಪ್ರಸಾರದ ಜಾಲತಾಣ ಟ್ವಿಚ್‌ನಲ್ಲಿ ಗೇಮ್ ಆಡಿ ತೋರಿಸುವ ಹೆಣ್ಣುಮಕ್ಕಳು ಅಂದಚೆಂದ, ಚೆಲ್ಲಾಟದಿಂದಲೇ ಹಣ ಮಾಡುತ್ತಾರಂತೆ, ನಿಜವೇ? ಕಾಲೇಜಿಗೆ ಹೋಗುವ ಮಗಳು ಶುರು ಮಾಡುತ್ತೇನೆ ಅನ್ನುತ್ತಿದ್ದಾಳೆ.
– ಒಬ್ಬ ತಾಯಿ, ಮೈಸೂರು

ಉತ್ತರ: ಎಲ್ಲರೂ ಅಲ್ಲ, ಕೆಲವರು. ಅದಕ್ಕೆ ಅಲ್ಲಿ ಅವಕಾಶವೂ ಇದೆ. 2021ರಲ್ಲಿ ಈಜುಡುಗೆ ತೊಟ್ಟು ಬಿಸಿನೀರಿನ ತೊಟ್ಟಿಯಲ್ಲಿ ಕೂತು ಹರಟುವ ನೇರಪ್ರಸಾರಗಳು ಹೆಚ್ಚಿದಾಗ ಟ್ವಿಚ್ ನಿಷೇಧ ಹೇರಲಿಲ್ಲ; ಮೇ ತಿಂಗಳಲ್ಲಿ ಅವಕ್ಕೇ ಬೇರೆ ವಿಭಾಗ ತೆರೆಯಿತು. ಆದರೆ ಅದೇ ತಿಂಗಳು ಹೆಸರಾಂತ ನಿರೂಪಕಿ ಅಮೊರಾಂತ್ ಅವರ ಚಾನೆಲ್‌ಗೆ ಮುನ್ಸೂಚನೆಯಿಲ್ಲದೆ ಜಾಹೀರಾತು ನಿಂತಿತ್ತು. ಅಪಾಯ ಇರುವುದು ಇಲ್ಲೇ: ನಿಯಮ ಮುರಿಯದಿದ್ದರೂ ಜಾಹೀರಾತುದಾರರು ಹಿಂಜರಿದರೆ ವರಮಾನಕ್ಕೆ ಕತ್ತರಿ.

ಈ ಚಾಳಿಗೆ ಹೆಣ್ಣುಮಕ್ಕಳನ್ನಷ್ಟೇ ದೂರುವುದು ಅನ್ಯಾಯ. ಅಮೆರಿಕದಲ್ಲಿ ನಡೆಯುತ್ತಿದ್ದ ಇ3 ಎಂಬ ವಿಡಿಯೊ ಗೇಮ್ ಮೇಳದಲ್ಲಿ ಅರೆಬರೆ ಉಡುಪಿನ ರೂಪದರ್ಶಿಯರನ್ನು ಮಳಿಗೆ ಮುಂದೆ ನಿಲ್ಲಿಸುತ್ತಿದ್ದದ್ದು ಗೇಮ್ ಕಂಪನಿಗಳೇ. 2006ರಲ್ಲಿ ಸಂಘಟಕರು 5,000 ಡಾಲರ್ ದಂಡದ ಎಚ್ಚರಿಕೆ ಕೊಡಬೇಕಾಯಿತು.

ಮಗಳು ಖಂಡಿತ ಶುರು ಮಾಡಲಿ. ಚಾಟ್‌ನ ಕೆಟ್ಟ ಮಾತನ್ನು ತಾನಾಗಿ ತಡೆಹಿಡಿಯುವ ಟ್ವಿಚ್‌ನ ಸೌಲಭ್ಯ ಆಟೋಮಾಡ್‌ನಲ್ಲಿ ಲೈಂಗಿಕ ಮಾತಿನ ತಡೆಯನ್ನು ಗರಿಷ್ಠಕ್ಕೆ ಇಡಲಿ. ಚಾಟನ್ನು ಫಾಲೋವರ್‌ಗಳಿಗೆ ಮಾತ್ರ, ಅದೂ ಫಾಲೋ ಮಾಡಿ 10 ನಿಮಿಷ ಕಳೆದವರಿಗೆ ಎಂದು ಹೊಂದಿಸಿದರೆ ಬಂದ ಕೂಡಲೇ ಬೈದು ಓಡುವವರು ಕಡಿಮೆಯಾಗುತ್ತಾರೆ. ಹಣ ಕೊಟ್ಟವರ ಸಂದೇಶವನ್ನು ತಾನಾಗಿ ಗಟ್ಟಿಯಾಗಿ ಓದುವ ಸೌಲಭ್ಯ ಸದ್ಯಕ್ಕೆ ಬೇಡ, ಅಸಭ್ಯ ಮಾತು ನೇರ ಪ್ರಸಾರವಾಗಿಬಿಡುತ್ತದೆ. ಚಾಟ್ ಮೇಲೆ ಕಣ್ಣಿಡುವ ನಂಬಿಕಸ್ಥ ಮಾಡರೇಟರ್‌ಗಳು ಇಬ್ಬರಾದರೂ ಇರಲಿ.