ಬ್ರೌಸರ್ ಸ್ತಬ್ಧವಾದರೆ ನೆಟ್‌ವರ್ಕ್ ಕಾರಣವೇ?

ಪ್ರಶ್ನೆ: ಅಡಿಕೆ ಧಾರಣೆ ನೋಡಲೆಂದು ಮನೆಯ ಕಂಪ್ಯೂಟರಿನಲ್ಲಿ ಕ್ರೋಮ್ ತೆರೆದರೆ, ನಾಲ್ಕೈದು ಪುಟಗಳಾಗುವಷ್ಟರಲ್ಲಿ ಎಲ್ಲವೂ ಸ್ತಬ್ಧವಾಗುತ್ತದೆ. ಇದು ಮಳೆಗಾಲದ ನೆಟ್‌ವರ್ಕ್ ತೊಂದರೆಯೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಲೆನಾಡಿನಲ್ಲಿ ಎಲ್ಲದಕ್ಕೂ ಮಳೆಯನ್ನೇ ದೂರುವುದು ರೂಢಿ, ಆದರೆ ಸಂಪರ್ಕ ಕಡಿದಾಗ ಹೊಸ ಪುಟ ತೆರೆಯುವುದಿಲ್ಲವೇ ಹೊರತು, ಆಗಲೇ ತೆರೆದಿರುವ ಪುಟವನ್ನು ಮೇಲೆ ಕೆಳಗೆ ಸರಿಸಲು ಸಾಮಾನ್ಯವಾಗಿ ಅಡ್ಡಿಯಿರುವುದಿಲ್ಲ. ಅದೂ ಸರಿಯದಿದ್ದರೆ ಕಂಪ್ಯೂಟರಿನೊಳಗೇ ಹುಡುಕಬೇಕು.

ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕ್ರೋಮ್‌ನದೇ ಟಾಸ್ಕ್ ಮ್ಯಾನೇಜರ್ ತೆರೆದುಕೊಂಡು, ಯಾವ ಟ್ಯಾಬ್ ಅಥವಾ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶ) ಎಷ್ಟು ಮೆಮೊರಿ ನುಂಗುತ್ತಿದೆ ಎಂಬುದನ್ನು ತೋರಿಸುತ್ತದೆ. ನೀವಾಗಿ ಅನುಮತಿ ನೀಡದ ಹೊರತು ಎಕ್ಸ್‌ಟೆನ್ಷನ್‌ಗಳು ಇನ್‌ಕಾಗ್ನಿಟೊ ಎಂಬ ಕ್ರೋಮ್‌ನ ಖಾಸಗಿ ಕಿಟಕಿಯಲ್ಲಿ ಕೆಲಸ ಮಾಡುವುದಿಲ್ಲವಾದ್ದರಿಂದ, ಅಲ್ಲಿ ಬ್ರೌಸರ್ ಸಲೀಸಾಗಿ ಓಡಿದರೆ ಅವುಗಳನ್ನು ಒಂದೊಂದಾಗಿ ತೆಗೆದು ನೋಡಿ. ಅಲ್ಲಿಯೂ ನಿಂತರೆ, ಸೆಟ್ಟಿಂಗ್ಸ್‌ನ ಸಿಸ್ಟಮ್ ವಿಭಾಗದಲ್ಲಿ ಗ್ರಾಫಿಕ್ಸ್ ಅಥವಾ ಹಾರ್ಡ್‌ವೇರ್ ಆಕ್ಸಿಲರೇಶನ್ ಆಯ್ಕೆಯನ್ನು ಆಫ್ ಮಾಡಿ, ಬ್ರೌಸರನ್ನು ಮತ್ತೆ ತೆರೆಯಿರಿ. ಹಳೆಯ ಗ್ರಾಫಿಕ್ಸ್ ಡ್ರೈವರ್ ಇರುವ ಯಂತ್ರಗಳಲ್ಲಿ ಇದರಿಂದ ಎಷ್ಟೋ ಬಾರಿ ಗುಣ ಕಾಣುತ್ತದೆ.

ನಿಮ್ಮದು ವಿಂಡೋಸ್ 7 ಆಗಿದ್ದರೆ, 2023ರಲ್ಲಿ ಬಂದ 109ನೇ ಆವೃತ್ತಿಯೇ ಅದಕ್ಕೆ ದೊರೆಯುವ ಕೊನೆಯ ಕ್ರೋಮ್. ರ‍್ಯಾಮ್ 4 ಜಿಬಿ ಇದ್ದರೆ 8ಕ್ಕೆ ಏರಿಸುವುದು ಲೇಸು. ‘ವೇಗ ಹೆಚ್ಚಿಸುವ’ ಉಚಿತ ತಂತ್ರಾಂಶಗಳ ಗೊಡವೆಗೆ ಹೋಗಬೇಡಿ.