ಅರಿವಳಿಕೆ ಕೊಡುವವರು ಯಾರು, ಕೈಜೋಡಿಸುವವರು ಯಾರು?

ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ಮಗಳು ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ಬಿ.ಎಸ್ಸಿ. ಅನಸ್ತೇಷಿಯಾ (ಅರಿವಳಿಕೆ) ಮತ್ತು ಓಟಿ (ಆಪರೇಷನ್ ಥಿಯೇಟರ್) ಟೆಕ್ನಾಲಜಿಗೆ ಸೇರಿಸೋಣ ಎಂದುಕೊಂಡಿದ್ದೇವೆ. ಓದಿ ಮುಗಿಸಿದರೆ ಅವಳೇ ಅನಸ್ತೇಷಿಯಾ ಕೊಡಬಹುದು ಎಂದು ಪರಿಚಯದವರೊಬ್ಬರು ಹೇಳಿದರು. ಹೌದೇ? — ಚನ್ನರಾಯಪಟ್ಟಣ

ಉತ್ತರ: ಇಲ್ಲ. ಆ ಭರವಸೆಯ ಮೇಲೆ ಸೇರಿಸಬೇಡಿ. ಕೋರ್ಸು ಮಾತ್ರ ಒಳ್ಳೆಯದೇ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಇಂಟರ್ನ್‌ಶಿಪ್ ಸೇರಿ 4 ವರ್ಷ. ಅರಿವಳಿಕೆ ಕೊಡುವ ಅಧಿಕಾರ ಎಂಬಿಬಿಎಸ್ ಆದ ಮೇಲೆ ಅದೇ ವಿಷಯದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಎ (ಡಿಪ್ಲೊಮಾ) ಮಾಡಿದ ವೈದ್ಯರದು. ಮಗಳ ಕೆಲಸ ಯಂತ್ರ, ಅನಿಲ, ಟ್ಯೂಬು, ಮಾನಿಟರುಗಳನ್ನು ಸಜ್ಜು ಮಾಡುವುದು ಮತ್ತು ವೈದ್ಯರ ಪಕ್ಕದಲ್ಲಿ ನಿಂತು ನೆರವಾಗುವುದು.

ಸಹಾಯಕ ಮತ್ತು ಆರೋಗ್ಯ ವೃತ್ತಿಪರರಿಗಾಗಿ 2021ರಲ್ಲಿ ಬಂದ ಕೇಂದ್ರ ಕಾಯ್ದೆಯ ಪಟ್ಟಿಯಲ್ಲಿ ಅರಿವಳಿಕೆ ಸಹಾಯಕರು ಮತ್ತು ತಂತ್ರಜ್ಞರ ಹೆಸರು ಸ್ಪಷ್ಟವಾಗಿ ಇದೆ. ಸಹಾಯಕ ವೃತ್ತಿಪರರ ಓದು ಕನಿಷ್ಠ 2,000 ಗಂಟೆ ಇರಬೇಕೆಂದೂ, ಪ್ರತಿ ರಾಜ್ಯದಲ್ಲಿ ಪರಿಷತ್ತು ಮತ್ತು ನೋಂದಣಿ ಪುಸ್ತಕ ಇರಬೇಕೆಂದೂ ಅದು ಹೇಳುತ್ತದೆ. ಡಿಪ್ಲೊಮಾ ಆದರೆ ಕರ್ನಾಟಕ ಪ್ಯಾರಾಮೆಡಿಕಲ್ ಬೋರ್ಡಿನ ಮಾನ್ಯತೆ ನೋಡಿ. ಫೀಸು ಕಟ್ಟುವ ಮೊದಲು ಎರಡು ಪ್ರಶ್ನೆ ಕೇಳಿ: ಯಾವ ಆಸ್ಪತ್ರೆಯ ಓಟಿಯಲ್ಲಿ ತರಬೇತಿ, ಅಲ್ಲಿ ದಿನಕ್ಕೆ ಎಷ್ಟು ಆಪರೇಷನ್? ಓಟಿ ಕಾಣದೆ ಪಡೆದ ಸರ್ಟಿಫಿಕೇಟು ಕೆಲಸದ ಮೊದಲ ದಿನವೇ ಕೈಕೊಡುತ್ತದೆ.

ಪ್ರಶ್ನೆ: ಇಲ್ಲಿ ಬಿ.ಎಸ್ಸಿ. ಮಾಡಿ ಅಮೆರಿಕದಲ್ಲಿ ಅನಸ್ತೇಷಿಯಾಲಜಿಸ್ಟ್ ಅಸಿಸ್ಟೆಂಟ್ ಆಗಬಹುದೇ? — ಕಡೂರು

ಉತ್ತರ: ನೇರವಾಗಿ ಆಗದು. ಹೆಸರು ಒಂದೇ ರೀತಿ ಕೇಳಿಸಿದರೂ ಹುದ್ದೆ ಬೇರೆ. ಅಲ್ಲಿ ಅದು ಸ್ನಾತಕೋತ್ತರ ಪದವಿ, ಸುಮಾರು ಎರಡು ವರ್ಷಕ್ಕಿಂತ ತುಸು ಹೆಚ್ಚು. ಆಮೇಲೆ ರಾಷ್ಟ್ರಮಟ್ಟದ ಪ್ರಮಾಣಪತ್ರ ಪರೀಕ್ಷೆ, ಅದರ ಮೇಲೆ ಕೆಲಸ ಮಾಡುವ ರಾಜ್ಯದ ಲೈಸೆನ್ಸು. ಎಲ್ಲ ರಾಜ್ಯಗಳಲ್ಲೂ ಈ ಹುದ್ದೆಗೆ ಅವಕಾಶವಿಲ್ಲ. ಜಾರ್ಜಿಯಾ, ಒಹಾಯೊ, ಫ್ಲಾರಿಡಾಗಳಲ್ಲಿ ಲೈಸೆನ್ಸ್ ಇದೆ. ಒಂದು ರಾಜ್ಯದ ಲೈಸೆನ್ಸ್ ಇನ್ನೊಂದರಲ್ಲಿ ನಡೆಯದು. ಅಲ್ಲಿನ ಕೆಲವು ರಾಜ್ಯಗಳ ನರ್ಸ್ ಅನಸ್ತೆಟಿಸ್ಟರ (ಅರಿವಳಿಕೆ ಕೊಡುವ ನರ್ಸ್‌ಗಳ) ಹಾಗೆ ಇವರು ಸ್ವತಂತ್ರವಾಗಿ ಕೆಲಸ ಮಾಡುವಂತೆಯೂ ಇಲ್ಲ. ಮೇಲ್ವಿಚಾರಣೆಗೆ ಅರಿವಳಿಕೆ ತಜ್ಞರೇ ಬೇಕು.

ಆ ಮೇಲ್ವಿಚಾರಣೆಯ ಅಳತೆ ನಮ್ಮವರೂ ತಿಳಿಯಬೇಕಾದದ್ದು. ಮೆಡಿಕೇರ್ ಎಂಬ ಅಲ್ಲಿನ ಸರ್ಕಾರಿ ವಿಮೆಯ ನಿಯಮದಂತೆ ತಜ್ಞರೊಬ್ಬರು ಏಕಕಾಲಕ್ಕೆ 4ಕ್ಕಿಂತ ಹೆಚ್ಚು ಕೇಸುಗಳನ್ನು ನಿರ್ದೇಶಿಸುವಂತಿಲ್ಲ. ರೋಗಿಯನ್ನು ಮೊದಲು ಪರೀಕ್ಷಿಸಿ ಯೋಜನೆ ಬರೆಯಬೇಕು. ಪ್ರಜ್ಞೆ ತಪ್ಪಿಸುವಾಗ, ಎಚ್ಚರಿಸುವಾಗ ಸ್ವತಃ ಪಾಲ್ಗೊಳ್ಳಬೇಕು. ನಡುನಡುವೆ ಬಂದು ನೋಡಬೇಕು. ಕರೆದ ಕೂಡಲೇ ಸಿಗುವಷ್ಟು ಹತ್ತಿರ ಇರಬೇಕು. ಫೋನಿನಲ್ಲಿ ಸಿಗುವುದು ಹತ್ತಿರ ಇದ್ದಂತಲ್ಲ.

ಪ್ರಶ್ನೆ: ಅತ್ತೆಗೆ ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಇದೆ. ಅನಸ್ತೇಷಿಯಾ ಡಾಕ್ಟರು ಚಿಕ್ಕಮಗಳೂರಿನಿಂದ ಬಂದು ಹೋಗುತ್ತಾರಂತೆ. ನಾವು ಏನೇನು ಕೇಳಬೇಕು? — ಮೂಡಿಗೆರೆ

ಉತ್ತರ: ಬೇರೆ ಊರಿನಿಂದ ಬರುವುದರಲ್ಲಿ ತಪ್ಪಿಲ್ಲ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು, ಹೊಲಿಗೆ ಮುಗಿಯುವ ಮೊದಲೇ ಹೊರಟುಬಿಡುವುದು ತಪ್ಪು. ಬೆನ್ನಿಗೆ ಕೊಡುವ ಆ ಇಂಜೆಕ್ಷನ್, ಅಂದರೆ ಸ್ಪೈನಲ್, ಕೊಟ್ಟ ಕೆಲವೇ ನಿಮಿಷದಲ್ಲಿ ಬಿಪಿ ಕುಸಿಯಬಹುದು. ಉಸಿರು ನಿಂತರಂತೂ ಮಿದುಳು ತಾಳುವುದು ನಾಲ್ಕೈದು ನಿಮಿಷ. ಚಿಕ್ಕಮಗಳೂರಿನ ಕಡೆ ಅರ್ಧ ದಾರಿ ಹೋದವರು ಅಷ್ಟರಲ್ಲಿ ವಾಪಸು ಬರಲಾರರು.

ಹಾಗಾಗಿ ಕೇಳಿ: ಡಾಕ್ಟರ ಹೆಸರೇನು, ಪದವಿ ಏನು, ಅತ್ತೆ ವಾರ್ಡಿಗೆ ಬರುವವರೆಗೆ ಇರುತ್ತಾರೆಯೇ? ಅವರು ಮುಂಚಿತವಾಗಿ ಅತ್ತೆಯನ್ನು ನೋಡಬೇಕು. ಬಿಪಿ, ಶುಗರ್, ಆಸ್ತಮಾ, ರಕ್ತ ತೆಳುವಾಗಿಸುವ ಮಾತ್ರೆ, ಅಲುಗಾಡುವ ಹಲ್ಲು, ಹಿಂದಿನ ಆಪರೇಷನ್ನಿನಲ್ಲಾದ ತೊಂದರೆ ಎಲ್ಲವನ್ನೂ ಹೇಳಿ. ಅರಿವಳಿಕೆಗೆ ಬೇರೆಯೇ ಒಪ್ಪಿಗೆ ಪತ್ರ ಕೇಳಿ, ಓದಿ ಸಹಿ ಹಾಕಿ. ಗಟ್ಟಿ ಆಹಾರ ನಿಲ್ಲಿಸಿ ಕನಿಷ್ಠ 6 ಗಂಟೆ, ಎಣ್ಣೆ-ಮಾಂಸದ ಊಟವಾದರೆ 8 ಗಂಟೆ ಆಗಿರಬೇಕು; ಬರೀ ನೀರಿಗೆ 2 ಗಂಟೆ ಸಾಕು. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ; ಮಲೆನಾಡಿನ ಮನೆಗಳಲ್ಲಿ ಹೆಚ್ಚು ಎಡವಟ್ಟಾಗುವುದು ಇದರಲ್ಲೇ.

ತಾಲ್ಲೂಕು ಆಸ್ಪತ್ರೆಯಲ್ಲಿ ತುರ್ತು ಸಿಸೇರಿಯನ್‌ಗೆ ಎಂಬಿಬಿಎಸ್ ವೈದ್ಯರೇ ಅರಿವಳಿಕೆ ಕೊಟ್ಟರೆ ಗಾಬರಿಯಾಗಬೇಡಿ. ತುರ್ತು ಹೆರಿಗೆಗಳಿಗೆಂದೇ ಸರ್ಕಾರ 18 ವಾರಗಳ ತರಬೇತಿ ಕೊಟ್ಟ ವೈದ್ಯರಿದ್ದಾರೆ. ಖಾಸಗಿ ಆಸ್ಪತ್ರೆಯಲ್ಲಿ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲೆ ಕಾಣಬೇಕು. ದೂರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಬರೆದು ಕೊಡಿ.

ಪ್ರಶ್ನೆ: ಓಟಿ ಟೆಕ್ನಿಷಿಯನ್ ಆಗಿದ್ದೇನೆ. 'ಅನಸ್ತೇಷಿಯಾ ಡಾಕ್ಟರು ದಾರಿಯಲ್ಲಿದ್ದಾರೆ, ನೀನೇ ಸ್ಪೈನಲ್ ಹಾಕು' ಎಂದು ಸರ್ಜನ್ ಹೇಳುತ್ತಾರೆ. ಏನು ಮಾಡಲಿ? — ಅರಸೀಕೆರೆ

ಉತ್ತರ: ಹಾಕಬೇಡಿ. 'ಸರ್, ಎಲ್ಲ ರೆಡಿ ಮಾಡಿಟ್ಟಿದ್ದೇನೆ, ಅವರು ಬಂದ ಕೂಡಲೇ ಶುರು ಮಾಡಬಹುದು' ಎನ್ನಿ. ಯಾರ ಮನಸ್ಸೂ ನೋಯದು, ನಿಮ್ಮ ಮಾತೂ ಸುಳ್ಳಲ್ಲ. ಹೆಚ್ಚುಕಡಿಮೆ ಆದರೆ ಬಾಯಿಮಾತಿನ ಆದೇಶ ನಿಮ್ಮನ್ನು ಕಾಯುವುದಿಲ್ಲ. ಕಾಯುವ ಹೊತ್ತು ವ್ಯರ್ಥವಲ್ಲ. ನಿಮ್ಮ ನಿಜವಾದ ಕೆಲಸ ಇರುವುದೇ ಅಲ್ಲಿ.

ಮೊದಲು ಆಕ್ಸಿಜನ್. ಬಿ-ಟೈಪ್ ಸಿಲಿಂಡರ್ ತುಂಬಿದ್ದಾಗ ಗೇಜಿನಲ್ಲಿ ಒತ್ತಡ ಸುಮಾರು 2,000 ಪಿಎಸ್‌ಐ, ಒಳಗೆ ಸುಮಾರು 1,500 ಲೀಟರ್. ಮುಳ್ಳು 1,000ಕ್ಕೆ ಇಳಿದಿದ್ದರೆ ಉಳಿದದ್ದು 750 ಲೀಟರ್. ನಿಮಿಷಕ್ಕೆ 10 ಲೀಟರಿನಂತೆ ಒಂದೂಕಾಲು ಗಂಟೆ. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಅನಿಲದಲ್ಲಿ ಈ ಲೆಕ್ಕ ನಡೆಯದು. ಅದು ಒಳಗೆ ದ್ರವವಾಗಿರುವುದರಿಂದ ದ್ರವ ಮುಗಿಯುವ ತನಕ ಮುಳ್ಳು 750ರ ಆಸುಪಾಸಿನಲ್ಲೇ ನಿಂತಿರುತ್ತದೆ, ಆಮೇಲೆ ಸರ್ರನೆ ಇಳಿಯುತ್ತದೆ. ಎಷ್ಟಿದೆ ಎಂದು ತಿಳಿಯಲು ತೂಕ ಮಾಡಬೇಕು.

ಆಮೇಲೆ ಯಂತ್ರದಿಂದ ರೋಗಿಗೆ ಅನಿಲ ಒಯ್ಯುವ ಸರ್ಕ್ಯೂಟಿನ ವಾಲ್ವ್ ಮುಚ್ಚಿ, ರೋಗಿಯ ಕಡೆಯ ತುದಿ ಒತ್ತಿಹಿಡಿದು, ಒತ್ತಡ 30 ಸೆಂ.ಮೀ. ನೀರಿನಷ್ಟು ಏರಿಸಿ; 10 ಸೆಕೆಂಡು ನಿಲ್ಲಬೇಕು. ಇಳಿದರೆ ಸೋಡಾಲೈಮ್ (ಇಂಗಾಲದ ಡೈಆಕ್ಸೈಡ್ ಹೀರುವ ಹರಳು) ಡಬ್ಬಿಯ ವಾಷರ್ ಮೊದಲು ನೋಡಿ. ಹರಳು ಸಡಿಲವಾಗಿ ಅಂಚಿಗೆ ಸಿಕ್ಕಿಕೊಂಡು ಸೋರುವುದು ಮಾಮೂಲು. ಯಂತ್ರ ಎಷ್ಟೇ ಚೆನ್ನಾಗಿರಲಿ, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಟೇಬಲ್ಲಿನ ತಲೆಕಡೆ ಇರಲಿ. ಮಳೆಗಾಲದಲ್ಲಿ ಕರೆಂಟು ಹೋಗುವ ಊರಲ್ಲಿ ಬಾಯಿ-ಗಂಟಲಿನ ದ್ರವ ಎಳೆದು ತೆಗೆಯಲು ಕಾಲಿನಿಂದ ಒತ್ತುವ ಸಕ್ಷನ್ ಒಂದು ಇರಲೇಬೇಕು.

ಔಷಧ ತುಂಬಿದ ಸಿರಿಂಜಿಗೆ ಆ ಕ್ಷಣವೇ ಲೇಬಲ್ ಅಂಟಿಸಿ: ಸ್ನಾಯು ಸಡಿಲಿಸುವುದಕ್ಕೆ ಕೆಂಪು, ಮಾರ್ಫಿನ್ ಜಾತಿಯದಕ್ಕೆ ನೀಲಿ, ಬಿಪಿ ಏರಿಸುವುದಕ್ಕೆ ನೇರಳೆ, ಸ್ಥಳೀಯ ಅರಿವಳಿಕೆಗೆ ಬೂದು. ಸ್ಪೈನಲ್ ಟ್ರೇಯ ಹತ್ತಿರ ರಕ್ತಸ್ರಾವ ತಡೆಯುವ ಟ್ರನೆಕ್ಸಾಮಿಕ್ ಆಸಿಡ್ ಆಂಪೂಲ್ ಬರಲೇಬಾರದು. ಸ್ಪೈನಲ್‌ಗೆ ಬಳಸುವ ಬುಪಿವಕೇನ್ ಎಂದು ತಿಳಿದು ಅದನ್ನು ಬೆನ್ನಿಗೆ ಕೊಟ್ಟು ಸಾವುಗಳಾಗಿವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇದೇ ಎಚ್ಚರಿಕೆ ಕೊಟ್ಟಿದೆ. ಎರಡನ್ನೂ ಬೇರೆಬೇರೆ ಕಪಾಟಿನಲ್ಲಿಡಿ, ಒಡೆಯುವ ಮೊದಲು ಹೆಸರನ್ನು ಡಾಕ್ಟರಿಗೆ ಗಟ್ಟಿಯಾಗಿ ಓದಿ ಹೇಳಿ.

ಚಾರ್ಟಿನಲ್ಲಿ 5 ನಿಮಿಷಕ್ಕೊಮ್ಮೆ ನಾಡಿ, ಬಿಪಿ ಬರೆಯುವುದು ನಿಮಗೆ ವಹಿಸಿದ್ದರೆ ಬರೆಯಿರಿ. ಅನಸ್ತೇಷಿಯಾ ಡಾಕ್ಟರ ಹೆಸರಿನ ಜಾಗದಲ್ಲಿ ಮಾತ್ರ ಸಹಿ ಹಾಕಬೇಡಿ. ಅವರು ಓಟಿಯ ಒಳಗೆ ಬಂದ ಗಂಟೆ, ನಿಮಿಷವನ್ನು ಅವರ ಕೈಯಿಂದಲೇ ಬರೆಸಿ.